ಉದುರಿದ ಕಿವಿಗಳ ಮಳೆಗಾಲ

ದ್ರವ ಸಾರಜನಕದ ಕ್ಯಾನಿಗೆ ವಾಸನೆ ಇರುವುದಿಲ್ಲ. ಮುಚ್ಚಳ ತೆಗೆದರೆ ಮದುವೆ ರಿಸೆಪ್ಷನ್ನಿನ ವೇದಿಕೆಯ ಮೇಲೆ ಬಿಡುವ ಹೊಗೆಯ ಹಾಗೆ ಬಿಳಿಯದೇನೋ ಉಕ್ಕಿ ನೆಲಕ್ಕಿಳಿಯುತ್ತದೆ, ಅಷ್ಟೆ. ಆದರೂ ಹೋದ ವಾರ ಅದರೊಳಗಿಂದ ಒಂದು ಪುಟ್ಟ ಟ್ಯೂಬನ್ನು ಎತ್ತಿ, ಕೈಗವಸಿನ ಹೆಬ್ಬೆರಳಿಂದ ಹಿಮ ಒರೆಸಿ ಓದಿದಾಗ ನನಗೆ ಫಿನಾಯಿಲು, ಮಲ್ಲಿಗೆ, ಒದ್ದೆ ಗೋಣಿಚೀಲ ಮೂರರ ವಾಸನೆಯೂ ಒಟ್ಟಿಗೆ ಬಂತು. ಟ್ಯೂಬಿನ ಮೇಲೆ ನನ್ನದೇ ಕೋಳಿಕಾಲಿನ ಅಕ್ಷರದಲ್ಲಿ ‘ಸೆಲ್ವಿ ೧೭’ ಎಂದಿತ್ತು.

ನಮ್ಮ ಲ್ಯಾಬು ಇಂದಿರಾನಗರದ ಆ ಹಳೆಯ ಬಂಗಲೆಯನ್ನು ಖಾಲಿ ಮಾಡುತ್ತಿದೆ. ಮುಂದಿನ ತಿಂಗಳಿಂದ ಅಲ್ಲಿ ಬಿಯರ್ ಸಿಗುತ್ತದಂತೆ. ಯಾರದೋ ಅಜ್ಜಿ ಕುಕ್ಕರ್ ಇಡುತ್ತಿದ್ದ ಕಟ್ಟೆಯ ಮೇಲೆ ನಾವು ಇನ್‌ಕ್ಯುಬೇಟರ್ ಇಟ್ಟು ಮನುಷ್ಯರ ರಕ್ತನಾಳದ ಕೋಶಗಳನ್ನು ಬೆಳೆಸಿದೆವು. ಈಗ ಅದೇ ಕಟ್ಟೆಯ ಮೇಲೆ ಕೋಳಿ ಕಬಾಬು ಮಾಡುತ್ತಾರೆ. ಅಡುಗೆಮನೆಗೂ ಒಂದು ಹಣೆಬರಹ ಇರುತ್ತದೆ ನೋಡಿ. ಹೊಸ ಜಾಗ ಕೆ.ಆರ್. ಪುರದಲ್ಲಿ, ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಸಾಮಾನು ಸಾಗಿಸುವ ಮೊದಲು ಕ್ಯಾನಿನಲ್ಲಿರುವ ಟ್ಯೂಬುಗಳನ್ನೆಲ್ಲ ನೋಡಿ ಪಟ್ಟಿ ಮಾಡು ಎಂದು ನಮ್ಮ ಯಜಮಾನರಾದ ಪಾಟೀಲ ಸರ್ ನನಗೆ ಹೇಳಿದ್ದರು. "ಇಡೂವು ಒಂದ್ ಕಡೆ, ಚೆಲ್ಲೂವು ಒಂದ್ ಕಡೆ. ಅಷ್ಟ ಕೆಲಸ. ಭಾಳ ವಿಚಾರ ಮಾಡಬ್ಯಾಡ, ನಿನಗದು ಒಗ್ಗಂಗಿಲ್ಲ."

ಅಲ್ಲಿಯವರೆಗೆ ನಾನು ನಲವತ್ತು ಟ್ಯೂಬುಗಳನ್ನು ವಿಚಾರ ಮಾಡದೆಯೇ ಬೇರೆ ಮಾಡಿದ್ದೆ. ಈ ಒಂದನ್ನು ಹಿಡಿದುಕೊಂಡು ನಿಂತುಬಿಟ್ಟೆ.

ಮೂರು ವರ್ಷದ ಹಿಂದಿನ ಮಳೆಗಾಲ ಅದು. ನಾನಾಗ ಲ್ಯಾಬಿಗೆ ಹೊಸಬ. ನನ್ನ ಹುದ್ದೆಯ ಹೆಸರು ಕಾಗದದ ಮೇಲೆ ಒಂದೂವರೆ ಸಾಲು ಇತ್ತು. ಮಾಡುತ್ತಿದ್ದ ಕೆಲಸ ಮಾತ್ರ ಶಿವಾಜಿನಗರದ ಗಲ್ಲಿಯೊಂದರ ಸಣ್ಣ ಹೆರಿಗೆ ಆಸ್ಪತ್ರೆಗೆ ಹೋಗಿ, ತಾಯಂದಿರು ಒಪ್ಪಿ ಸಹಿ ಹಾಕಿ ಕೊಟ್ಟ ಹೊಕ್ಕುಳಬಳ್ಳಿಗಳನ್ನು ಐಸ್ ತುಂಬಿದ ನೀಲಿ ಡಬ್ಬದಲ್ಲಿ ತರುವುದು. ಡಬ್ಬದಲ್ಲಿ ಏನಿದೆ ಎಂದು ಮೆಟ್ರೊ ಭದ್ರತೆಯವರಿಗೆ ವಿವರಿಸುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಸ್ಕೂಟರು, ಹಲಸೂರು ಕೆರೆ ಬಳಸಿಕೊಂಡು, ಮಳೆಯಲ್ಲಿ, ರೇನ್‌ಕೋಟನ್ನು ನನಗಿಂತ ಮೊದಲು ಡಬ್ಬಕ್ಕೆ ಹೊದಿಸಿ.

ನನಗಿದ್ದ ಇನ್ನೊಂದು ಕಸುಬು ಯಾರೂ ಕೊಟ್ಟಿದ್ದಲ್ಲ. ಎಲ್ಲರ ದನಿ ತೆಗೆಯುತ್ತಿದ್ದೆ. ಪಾಟೀಲ ಸರ್ ಧಾರವಾಡದ ಗತ್ತಿನಲ್ಲಿ ಬೈಯುವುದು, ಮೆಟ್ರೊದ ಹೆಂಗಸು ಮುಂದಿನ ನಿಲ್ದಾಣ ಹೇಳುವುದು, ನಮ್ಮಪ್ಪ ಕೆಮ್ಮಿದ ಮೇಲೆ ಮಾತು ಶುರು ಮಾಡುವುದು. ಸಂದರ್ಶನದ ದಿನ ಪಾಟೀಲ ಸರ್ ನನ್ನನ್ನು ಏನೋ ಕೇಳಿದಾಗ ಹೆದರಿಕೆಯಲ್ಲಿ ಅವರದೇ ದನಿಯಲ್ಲಿ ಉತ್ತರ ಕೊಟ್ಟಿದ್ದೆ. ಕೆಲಸ ಸಿಕ್ಕಿತು. ತಮ್ಮ ಊರಿನವ ಎಂದುಕೊಂಡರೋ, ಹುಚ್ಚ ಎಂದುಕೊಂಡರೋ, ಇವತ್ತಿಗೂ ಕೇಳಿಲ್ಲ. ನನ್ನದೇ ಆದ ದನಿ ಒಂದಿದೆಯೇ ಎಂದು ಅಮ್ಮ ಕೇಳುತ್ತಿದ್ದಳು. ಇದೆ, ಆದರೆ ಅದು ಅಷ್ಟೇನೂ ಚೆನ್ನಾಗಿಲ್ಲ.

ಆಸ್ಪತ್ರೆಯ ಹಿಂಬಾಗಿಲಲ್ಲಿ ನನಗೆ ಬಳ್ಳಿಗಳನ್ನು ಕೊಡುತ್ತಿದ್ದವಳು ಸೆಲ್ವಕ್ಕ. ಮೂವತ್ತು ವರ್ಷದಿಂದ ಅಲ್ಲಿ ಆಯಾ. ಮನೆ ಹಲಸೂರಿನಲ್ಲಿ, ಮನೆಮಾತು ತಮಿಳು. ಕನ್ನಡ, ಉರ್ದು, ನರ್ಸುಗಳ ಇಂಗ್ಲಿಷು ಎಲ್ಲವನ್ನೂ ಒಂದೇ ಒಗ್ಗರಣೆಯಲ್ಲಿ ಹಾಕುತ್ತಿದ್ದಳು. ತುರುಬಿನಲ್ಲಿ ಒಂದು ತುಂಡು ಮಲ್ಲಿಗೆ, ಬಿರುಕು ಬಿಟ್ಟ ಹಿಮ್ಮಡಿ, ಜೊತೆಗೆ ಸಕ್ಕರೆ ಕಾಯಿಲೆ. ಬಾಗಿಲಲ್ಲಿ ಅವಳೇ ಹಾಸಿದ ಗೋಣಿಚೀಲದ ಮೇಲೆ ಕಾಲು ಒರೆಸದೆ ಡಾಕ್ಟರನ್ನೂ ಒಳಗೆ ಬಿಡುತ್ತಿರಲಿಲ್ಲ.

ತಾಯಂದಿರಿಗೆ ಒಪ್ಪಿಗೆ ಪತ್ರ ಓದಿ ಹೇಳುವುದು ನರ್ಸಿನ ಕೆಲಸ. ಅರ್ಥ ಮಾಡಿಸುವುದು ಸೆಲ್ವಕ್ಕನದು. ಆದರೆ ಕೆಲವು ಮನೆಗಳವರನ್ನು ಅವಳು ಕೇಳುತ್ತಲೇ ಇರಲಿಲ್ಲ. ಅವರು ಮಾಸು, ಬಳ್ಳಿ ಎಲ್ಲವನ್ನೂ ಮನೆಗೊಯ್ದು ಮಣ್ಣಲ್ಲಿ ಹೂಳುವವರು. "ಮಣ್ಣಿಗೆ ಕೊಡೋರ ಹತ್ರ ಕೈ ಚಾಚಬಾರ್ದು ತಂಬಿ," ಎನ್ನುತ್ತಿದ್ದಳು. ಕೊಟ್ಟ ಬಳ್ಳಿಗಳ ಜೊತೆ ಹೆಸರು ಬರುತ್ತಿರಲಿಲ್ಲ, ಬರಕೂಡದು. ಅದಕ್ಕೆ ಅವಳೇ ಅಡ್ಡಹೆಸರು ಕಟ್ಟಿ ಕಳಿಸುತ್ತಿದ್ದಳು. "ಇದು ಗಲಾಟೆ. ಹುಟ್ಟೋ ಮುಂಚೇನೆ ಅಳ್ತಿತ್ತು." "ಇದು ಸೋಮಾರಿ, ಎರಡು ದಿನ ಕಾಯಿಸ್ತು." ನಾನು ಟ್ಯೂಬಿನ ಮೇಲೆ ‘ಸೆಲ್ವಿ ೧’, ‘ಸೆಲ್ವಿ ೨’ ಎಂದು ಬರೆದುಕೊಳ್ಳುತ್ತಿದ್ದೆ, ಬಾಯಲ್ಲಿ ಮಾತ್ರ ಗಲಾಟೆ, ಸೋಮಾರಿ. ಹದಿನೇಳನೆಯದರ ಹೆಸರು ‘ಸುಮ್ನಿರು’. ಆ ಹೆರಿಗೆ ಪೂರ್ತಿ ಅದರ ಅಪ್ಪನಿಗೆ ಸೆಲ್ವಕ್ಕ ಹೇಳಿದ್ದು ಅದೊಂದೇ ಮಾತಂತೆ.

ಆಸ್ಪತ್ರೆಯ ಡಾಕ್ಟರು ನಫೀಸಾ ಮೇಡಂ, ಫ್ರೇಜರ್ ಟೌನಿನವರು. ಅವರ ದನಿ ನನಗೆ ಎರಡನೆಯ ದಿನಕ್ಕೇ ಸಿಕ್ಕಿತು. ‘ಅರೇ’ ಎಂದು ಶುರು ಮಾಡಿ, ಮಾತಿನ ಬಾಲಕ್ಕೆ ಒಂದು ‘ಮಾ’ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು. ಒಂದು ಸಲ ಬಾಗಿಲ ಮರೆಯಲ್ಲಿ ನಿಂತು, "ಅರೇ, ಮೂರನೇ ಬೆಡ್‌ಗೆ ಬಿಸ್ನೀರು ಕೊಟ್ರಾ ಮಾ?" ಎಂದೆ. ನರ್ಸುಗಳಿಬ್ಬರು ಓಡಿದರು. ಸೆಲ್ವಕ್ಕ ತಿರುಗಿಯೂ ನೋಡಲಿಲ್ಲ.

"ಏ ತಂಬಿ, ಸಾಕು. ಡಬ್ಬ ಎಲ್ಲಿ?"

"ಹೆಂಗ್ ಗೊತ್ತಾಯ್ತಕ್ಕ? ನರ್ಸುಗಳೇ ಏಮಾರಿದ್ರು!"

"ಮೇಡಂ ಕೇಳ್ಬಿಟ್ಟು ನಿಂತ್ಕೊತಾರೆ. ಉತ್ತರ ಬರೋ ತನಕ. ನೀನು ಕೇಳ್ತಾ ಇದ್ದಂಗೇ ನಗೋಕೆ ರೆಡಿ ಆಗ್ತೀಯ."

ಅಲ್ಲಿಂದ ನಮ್ಮ ಪಂದ್ಯ ಶುರುವಾಯಿತು. ಮಳೆಗಾಲ ಮುಗಿಯುವುದರೊಳಗೆ ನಾನು ಒಂದು ಸಲವಾದರೂ ಅವಳನ್ನು ಏಮಾರಿಸಿದರೆ ಅವಳ ಮನೆಯ ಮೀನುಸಾರು ನನಗೆ. ಸೋತರೆ ಗೋಣಿಚೀಲ ಒಗೆದುಕೊಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಆ ಗೋಣಿಚೀಲವನ್ನು ಎಷ್ಟು ಸಲ ಒಗೆದೆ ಎಂದರೆ ಅದರ ನೂಲು ನೂಲೂ ನನಗೆ ಪರಿಚಯವಾಯಿತು. ನರ್ಸಾಗಿ ಬಂದೆ, ಅಜ್ಜನಾಗಿ ಬಂದೆ, ಮಗುವಿನ ಅಪ್ಪನಾಗಿ ಅತ್ತುಕೊಂಡು ಬಂದೆ. ಪ್ರತಿ ಸಲವೂ ಅದೇ ಮಾತು: "ಏ ತಂಬಿ, ಸಾಕು."

ಲ್ಯಾಬಿನಲ್ಲಿ ಬಳ್ಳಿಯ ಒಳಗಿನ ದೊಡ್ಡ ರಕ್ತನಾಳಕ್ಕೆ ಸಣ್ಣ ಕೊಳವೆ ಸಿಕ್ಕಿಸಿ, ರಕ್ತವೆಲ್ಲ ಹೋಗುವ ತನಕ ತೊಳೆದು, ಒಳಗೋಡೆಯ ಕೋಶಗಳನ್ನು ಬಿಡಿಸಿ ತೆಗೆಯುತ್ತಿದ್ದೆವು. ಅವು ತಟ್ಟೆಯ ತಳಕ್ಕೆ ಅಂಟಿಕೊಂಡು, ಮೂರು ನಾಲ್ಕು ದಿನದಲ್ಲಿ ಅಂಗಳಕ್ಕೆ ಹಾಸಿದ ಕಲ್ಲಿನ ಹಾಗೆ ಒತ್ತೊತ್ತಾಗಿ ಕೂರುತ್ತಿದ್ದವು. ಆಮೇಲೆ ಅವುಗಳ ಮೇಲೆ ಉರಿಯೂತದ ಸಂಕೇತವೊಂದನ್ನು ಹನಿಸುವುದು. ಮೈಗೆ ಸೋಂಕು ತಗುಲಿದಾಗ ರಕ್ತದಲ್ಲಿ ಓಡಾಡುವ ಕೂಗು ಅದು. ಕೂಗು ಬಿದ್ದ ಮೇಲೆ ಅದನ್ನು ಹಿಡಿಯುವ, ಕೋಶದ ಮೈಮೇಲಿನ ಗ್ರಾಹಕಗಳು ಎಷ್ಟು ಉಳಿದವು ಎಂದು ನೋಡುವುದು ನಮ್ಮ ಪ್ರಯೋಗ.

ಮೊದಲ ಸಲ ನೋಡಿದರೆ ಅರ್ಧಕ್ಕರ್ಧ ಇಲ್ಲ! ನಾನು ಬಲು ಸಂತೋಷದಿಂದ ಪಾಟೀಲ ಸರ್‌ಗೆ ವರದಿ ಒಪ್ಪಿಸಿದೆ.

"ಹೋದವು ಎಲ್ಲಿಗೆ ಹೋದವು?" ಎಂದರು.

"ಹೋದವು, ಸರ್."

"ಅದನ್ನ ಕೇಳಾಕತ್ತೇನಿ. ಕೋಶದ ಮ್ಯಾಲಿಂದ ನೀರ ತಗದ್ಯಲ್ಲ, ಆ ನೀರ ಎಲ್ಲಿ?"

ಆ ನೀರನ್ನು ನಾನು ಅಜ್ಜಿಯ ಕಾಲದ ಸಿಂಕಿನಲ್ಲಿ ಹಾಗೇ ಚೆಲ್ಲಿದ್ದೆ. ಬ್ಲೀಚ್ ಕೂಡ ಹಾಕಿರಲಿಲ್ಲ. ಪಾಟೀಲ ಸರ್ ಅರ್ಧ ಗಂಟೆ ಬೈದರು. ಉದುರಿದ್ದೆಲ್ಲ ಆ ನೀರಿನಲ್ಲೇ ಇರುತ್ತದಂತೆ. ಪ್ರಯೋಗದ ಮುಖ್ಯ ಭಾಗವನ್ನೇ ಮೋರಿಗೆ ಬಿಟ್ಟ ಮೊದಲ ವಿಜ್ಞಾನಿ ನಾನಂತೆ. ಆ ಬೈಗುಳ ನನಗೆ ಚೆನ್ನಾಗಿ ಬಾಯಿಪಾಠವಾಯಿತು. ಮರುದಿನ ಹಿಂಬಾಗಿಲಲ್ಲಿ ಸೆಲ್ವಕ್ಕನ ಮುಂದೆ ಪೂರ್ತಿ ಆಡಿ ತೋರಿಸಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಕೇಳಿದಳು.

"ನಾನು ಕೊಡೋದ್ರಲ್ಲಿ ನೀವು ನಿಜವಾಗ್ಲೂ ಏನ್ ನೋಡ್ತೀರ ತಂಬಿ? ತಾಯಂದ್ರು ಕೇಳ್ತಾರೆ. ಒಳ್ಳೇದಕ್ಕಮ್ಮ ಅಂತೀನಿ. ನಂಗೇ ಗೊತ್ತಿಲ್ಲ."

"ರಕ್ತನಾಳದ ಒಳಗೋಡೇಲಿ ಕೋಶಗಳಿರ್ತವಲ್ಲಕ್ಕ, ಅದಕ್ಕೆಲ್ಲ ಮೈತುಂಬ ಕಿವಿ ಇದ್ದಂಗೆ. ಎಲ್ಲಾದ್ರೂ ಸೋಂಕಾದ್ರೆ ಒಂದು ಕೂಗು ಬರುತ್ತೆ. ಕಿವೀಲಿ ಕೇಳ್ಸ್ಕೊಂಡು ಕೋಶ ಕೆಲಸ ಶುರು ಮಾಡುತ್ತೆ. ಕೂಗು ಅತಿ ಆಯ್ತು ಅನ್ಕೊ, ಕೋಶದ ಹತ್ರಾನೇ ಒಂದು ಕತ್ತರಿ ಇದೆ. ತನ್ನ ಕಿವೀನ ತಾನೇ ಕತ್ತರಿಸಿ ಕೆಳಗೆ ಹಾಕ್ಬಿಡುತ್ತೆ."

"ಐಯೋ! ಯಾಕೆ?"

"ತಡೀಲಾರ್ದೆ. ನಮ್ಮನೇಲಿ ಅಮ್ಮ ಬೈತಿದ್ರೆ ನಾನು ಹೆಡ್‌ಫೋನ್ ಹಾಕ್ಕೊತೀನಲ್ಲ, ಹಂಗೆ."

"ಬಿದ್ದ ಕಿವಿ?"

"ರಕ್ತದಲ್ಲಿ ತೇಲ್ಕೊಂಡು ಹೋಗುತ್ತೆ. ದಾರೀಲಿ ಬರೋ ಕೂಗನ್ನ ಅದೇ ಹಿಡ್ಕೊಂಡುಬಿಡುತ್ತೆ. ಕೋಶದ ತನಕ ಬಿಡಲ್ಲ."

ಸೆಲ್ವಕ್ಕ ತನ್ನ ಕಿವಿಯನ್ನೇ ಮುಟ್ಟಿ ನೋಡಿಕೊಂಡಳು. "ಅಂದ್ರೆ ಬಿದ್ಮೇಲೂ ಕೇಳುತ್ತಾ?"

"ಕೇಳ್ಸ್ಕೊಳ್ಳುತ್ತೆ. ಯಾರ್ಗೂ ಹೇಳಲ್ಲ, ಅಷ್ಟೆ."

"ಒಳ್ಳೇ ಕಿವಿ," ಎಂದಳು. "ನಮ್ಮ ವಾರ್ಡಲ್ಲಿ ಇಂಥ ಕಿವಿ ಒಂದೂ ಇಲ್ಲ."

ಅದು ಒಳ್ಳೆಯದೂ ಹೌದು, ಸ್ವಲ್ಪ ಕೂಗಿಗೆ. ಇಡೀ ಮೈಯೇ ಕೂಗತೊಡಗಿದರೆ ಉದುರಿದ ಕಿವಿಗಳು ಸಾಲುವುದಿಲ್ಲ. ರಕ್ತದಲ್ಲಿ ಅವು ಹೆಚ್ಚಾದಷ್ಟೂ ಒಳಗಿನ ಬೇಗೆ ದೊಡ್ಡದಿದೆ ಎಂದೇ ಅರ್ಥ. ಅಷ್ಟು ನಾನು ಸೆಲ್ವಕ್ಕನಿಗೆ ಹೇಳಲಿಲ್ಲ. ಅವಳು ನಗುತ್ತಿದ್ದಳು, ಅಲ್ಲಿಗೆ ನಿಲ್ಲಿಸಿದೆ. ನಕ್ಕ ಕಡೆ ನಿಲ್ಲಿಸುವುದು ನನ್ನ ಅಭ್ಯಾಸ.

ಸೆಪ್ಟೆಂಬರ್‌ನಲ್ಲಿ ಒಂದು ವಾರ ಮಳೆ ಬಿಡಲಿಲ್ಲ. ಶಿವಾಜಿನಗರದ ಗಲ್ಲಿಗಳಲ್ಲಿ ಮೋರಿಯ ನೀರೂ ಮಳೆಯ ನೀರೂ ಒಂದಾಗಿ ಮೊಣಕಾಲವರೆಗೆ ನಿಂತಿತು. ಬಸ್ಸು ಒಳಗೆ ಬರುತ್ತಿರಲಿಲ್ಲ. ಸೆಲ್ವಕ್ಕ ಚಪ್ಪಲಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಬಿರುಕು ಹಿಮ್ಮಡಿಯಲ್ಲಿ ಆ ನೀರಿನೊಳಗೆ ಮೂರು ದಿನ ನಡೆದು ಬಂದಳು. ಚಪ್ಪಲಿ ಯಾಕೆ ಹಾಕಿಕೊಳ್ಳಲಿಲ್ಲ ಎಂದರೆ, "ಹೊಸದು ತಂಬಿ, ಮೀನಾ ಕೊಡ್ಸಿದ್ದು," ಎಂದಳು. ಮೀನಾ ಅವಳ ಒಬ್ಬಳೇ ಮಗಳು, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ ಅಂಗಡಿಯಲ್ಲಿ ಕೆಲಸ. ಶನಿವಾರ ‘ಸುಮ್ನಿರು’ವಿನ ಬಳ್ಳಿ ಕೊಡುವಾಗ ಸೆಲ್ವಕ್ಕ ಎಡಗಾಲನ್ನು ಊರದೆ ನಿಂತಿದ್ದಳು. ಅವಳು ಕುಂಟುವುದನ್ನೂ ನಾನು ಅನುಕರಿಸಿದೆ. ಅವಳು ಒದ್ದೆ ಬಟ್ಟೆಯಿಂದ ನನ್ನ ಬೆನ್ನಿಗೆ ಹೊಡೆದಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಕೊನೆ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರ ಮಧ್ಯಾಹ್ನ ನಾನು ಡಬ್ಬ ಹಿಡಿದು ಕಾಯುತ್ತಿದ್ದೆ. ನಫೀಸಾ ಮೇಡಂ ಒಳಗೆ ಆಪರೇಷನ್ನಿನಲ್ಲಿದ್ದರು. ಅವರ ಫೋನು ಹೊರಗೆ ಮೇಜಿನ ಮೇಲೆ, ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಅದು ಹೊಡೆದುಕೊಂಡಿತು. ಪರದೆಯ ಮೇಲೆ ‘ಸೆಲ್ವಿ ಆಯಾ’ ಎಂದು ಬಂತು.

ಎತ್ತಿಕೊಂಡೆ. ಸತ್ಯವಾಗಿ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಮೀನುಸಾರು.

"ಹಾಂ ಸೆಲ್ವೀ, ಹೇಳು ಮಾ."

"ಮೇಡಂ... ಕಾಲು ಊದ್ಕೊಂಡಿದೆ ಮೇಡಂ. ಉರಿ ತಡಿಯೋಕಾಗಲ್ಲ. ನಿನ್ನೆಯಿಂದ ಜ್ವರ. ಚಳಿ ಬಂದು ಹಲ್ಲು ಕಟಕಟ ಅಂತಿದೆ."

ನಾನು ಕಾದೆ. ಈಗ ಬರುತ್ತದೆ, ‘ಏ ತಂಬಿ, ಸಾಕು’. ಬರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, ಮೆಟ್ಟಿಲು ಹತ್ತಿ ಬಂದವರ ಹಾಗೆ.

"ಅರೇ, ಅಷ್ಟೇನಾ? ಈ ಮಳೇಲಿ ಎಲ್ರಿಗೂ ಜ್ವರ ಮಾ. ಒಂದು ಮಾತ್ರೆ ತಗೊ, ಎರಡು ದಿನ ಮಲ್ಕೊ. ಏನ್ ಆಗೋದಿಲ್ಲ."

"ಸರಿ ಮೇಡಂ. ನೀವು ಹೇಳಿದ್ರೆ ಸಾಕು ಮೇಡಂ."

ನಾನೇ ಕಣಕ್ಕ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಪರೇಷನ್ ಕೋಣೆಯ ಬಾಗಿಲು ತೆರೆದು ನರ್ಸು ಬಳ್ಳಿಯ ಟ್ರೇ ಹಿಡಿದು ಬಂದಳು. ಫೋನು ಕಟ್ ಮಾಡಿ ಮೇಜಿಗಿಟ್ಟೆ. ಆ ಬಳ್ಳಿಗೆ ಅಡ್ಡಹೆಸರು ಇರಲಿಲ್ಲ, ಕೇಳಿದರೆ ನರ್ಸು, "ಹೆಸ್ರಾ? ಏನ್ ಹೆಸ್ರು?" ಎಂದಳು.

ಹಲಸೂರು ಕೆರೆಯ ಪಕ್ಕ ಸ್ಕೂಟರಿನಲ್ಲಿ ಬರುತ್ತ ನಾನು ಹೆಲ್ಮೆಟ್ಟಿನೊಳಗೇ ಕುಣಿದೆ. ನಾಲ್ಕು ತಿಂಗಳು ಗೋಣಿಚೀಲ ಒಗೆದವನು ಗೆದ್ದಿದ್ದ. ಮೇಡಂಗೆ ಹೇಳಲಿಲ್ಲ, ನರ್ಸುಗಳಿಗೂ ಹೇಳಲಿಲ್ಲ. ಸೆಲ್ವಕ್ಕ ಕೆಲಸಕ್ಕೆ ಬಂದ ದಿನ ಎಲ್ಲರ ಮುಂದೆ ಹೇಳಿ ಅವಳ ಮುಖ ನೋಡಬೇಕು ಎಂದು ಆ ಗೆಲುವನ್ನು ಹಾಗೇ ಎತ್ತಿಟ್ಟುಕೊಂಡೆ. ಬುಧವಾರ ಇಡೀ ದಿನ ಪ್ರಯೋಗ: ಕೂಗು ಹನಿಸಿ ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ನೀರು ತೆಗೆದಿಡುವುದು. ಈ ಸಲ ಒಂದು ಹನಿಯನ್ನೂ ಚೆಲ್ಲಲಿಲ್ಲ. ಗುರುವಾರ ಬೆಳಿಗ್ಗೆ ಆ ನೀರನ್ನು ಪರೀಕ್ಷಿಸಿದಾಗ ಪ್ಲೇಟಿನ ಸಾಲು ಸಾಲು ಪುಟ್ಟ ಗುಳಿಗಳು ತಿಳಿ ಹಳದಿಯಿಂದ ಗಾಢ ಹಳದಿಗೆ ತಿರುಗಿದವು. ಹೊತ್ತು ಹೋದಷ್ಟೂ ಉದುರಿದ್ದು ಹೆಚ್ಚು. "ಶಾಬಾಸ್!" ಎಂದರು ಪಾಟೀಲ ಸರ್. ಜೀವನದಲ್ಲಿ ಮೊದಲ ಸಲ.

ಅದೇ ಗುರುವಾರ ಮಧ್ಯಾಹ್ನ ಡಬ್ಬ ಹಿಡಿದು ಹೋದರೆ ಹಿಂಬಾಗಿಲಲ್ಲಿ ಗೋಣಿಚೀಲ ಇರಲಿಲ್ಲ. ಸೆಲ್ವಕ್ಕನಿಗೆ ಬೆಳಿಗ್ಗೆ ಪ್ರಜ್ಞೆ ತಪ್ಪಿತೆಂದೂ, ಮೀನಾ ಆಟೊದಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳೆಂದೂ, ಮೇಡಂ ಕೂಡ ಅಲ್ಲೇ ಹೋಗಿದ್ದಾರೆಂದೂ ನರ್ಸು ಹೇಳಿದಳು. ನಾನು ಖಾಲಿ ಡಬ್ಬದ ಜೊತೆಗೇ ಹೋದೆ.

ಐಸಿಯು ಹೊರಗಿನ ಕಾರಿಡಾರಿನಲ್ಲಿ ಮೀನಾ ಗೋಡೆಗೆ ಒರಗಿ ನಿಂತಿದ್ದಳು. ನಫೀಸಾ ಮೇಡಂ ಒಳಗಿನಿಂದ ಬಂದು ಅವಳ ಕೈ ಹಿಡಿದುಕೊಂಡರು. ಕಾಲಿನ ಸೋಂಕು ರಕ್ತಕ್ಕೆ ಹಬ್ಬಿದೆ, ರಕ್ತದೊತ್ತಡ ನಿಲ್ಲುತ್ತಿಲ್ಲ ಎಂದರು.

"ಎರಡು ದಿನ ಮುಂಚೆ ಯಾಕ್ ತರ್ಲಿಲ್ಲ ಮಾ?"

ಮೀನಾ ಕೈ ಬಿಡಿಸಿಕೊಂಡಳು. "ನೀವೇ ಮಲ್ಕೊ ಅಂದ್ರಲ್ಲ ಮೇಡಂ. ಮಂಗಳವಾರ. ಮೇಡಂ ಹೇಳಿದ್ದಾರೆ, ಏನೂ ಆಗಲ್ಲ ಅಂತ ಅಮ್ಮ ಹೇಳಿದ್ಲು. ನಾನೂ ಬುಧವಾರ ಡ್ಯೂಟಿಗೆ ಹೋದೆ."

"ನಾನಾ?"

ಮೇಡಂ ಫೋನು ತೆಗೆದು ಬೆರಳಲ್ಲಿ ಮೇಲೆ ಕೆಳಗೆ ಸರಿಸಿದರು. ನಿಂತರು. ಮಂಗಳವಾರ ಮಧ್ಯಾಹ್ನದ ಕರೆ ಅಲ್ಲಿತ್ತು. ಒಂದು ನಿಮಿಷದ ಮಾತು.

"ಹೌದು," ಎಂದರು, ಮೆಲ್ಲಗೆ. "ಮಾತಾಡಿದೀನಿ. ಯಾ ಅಲ್ಲಾ, ನಂಗೆ ನೆನಪೇ ಇಲ್ಲ."

ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಊರಿನ ಎಲ್ಲರ ದನಿಯೂ ಬರುತ್ತಿದ್ದ ಬಾಯಿ ಅದು. ಒಂದು ದನಿಯೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಸೆಲ್ವಕ್ಕ ತೀರಿಕೊಂಡಳು.

ಆಮೇಲಿನ ಎರಡು ವಾರ ನಾನು ಬಳ್ಳಿ ತರಲು ಹೋಗುತ್ತಲೇ ಇದ್ದೆ, ಕೆಲಸ ನಿಲ್ಲುವುದಿಲ್ಲವಲ್ಲ. ನಫೀಸಾ ಮೇಡಂ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ಬಂದ ಪ್ರತಿ ಕರೆಯನ್ನೂ ಬರೆಯುವುದು, ಯಾರು, ಏನು ಕೇಳಿದರು, ತಾನು ಏನು ಹೇಳಿದೆ. ಬರೆದಾದ ಮೇಲೆ ನರ್ಸನ್ನು ಕರೆದು, "ನಾನು ಈಗ ಹೇಳಿದ್ದು ಇದೇ ತಾನೆ?" ಎಂದು ಕೇಳುವುದು. ಒಂದು ದಿನ ನನ್ನನ್ನೂ ಕೇಳಿದರು. ಇಪ್ಪತ್ತೈದು ವರ್ಷ ಮಕ್ಕಳನ್ನು ಹೊರತೆಗೆದ ಕೈ ಬರೆದ ಸಾಲಿನ ಕೆಳಗೆ ಎರಡೆರಡು ಸಲ ಗೆರೆ ಎಳೆಯುತ್ತಿತ್ತು. "ನಂಗೆ ವಯಸ್ಸಾಯ್ತಾ ಚೇತನ್? ಮರ್ತು ಹೋಗೋಷ್ಟು?"

ಅವತ್ತು ಹೇಳಿದೆ. ನಿಂತುಕೊಂಡೇ ಹೇಳಿದೆ, ಪಂದ್ಯದಿಂದ ಹಿಡಿದು.

ಅವರು ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ನೋಟ್‌ಬುಕ್ ಮುಚ್ಚಿದರು.

"ಅವತ್ತು ಏನ್ ಹೇಳ್ದೆ, ಅದನ್ನ ಹೇಳು. ನನ್ನ ದನೀಲೇ ಹೇಳು."

"ಮೇಡಂ, ಬೇಡ..."

"ಹೇಳು."

ಹೇಳಿದೆ. ಅರೇ, ಅಷ್ಟೇನಾ, ಈ ಮಳೇಲಿ ಎಲ್ರಿಗೂ ಜ್ವರ ಮಾ. ದನಿ ಒಡೆಯಿತು, ಆದರೂ ಅದು ಅವರದೇ ದನಿ. ಅವರು ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗಿ ಮಾಡ್ತೀಯ," ಎಂದರು. "ಹಿಂಗೇ ಹೇಳ್ತಿದ್ದೆನೇನೋ ನಾನೂ. ಆದ್ರೆ ಅದಕ್ಕೆ ಮುಂಚೆ ಒಂದ್ ಮಾತು ಕೇಳ್ತಿದ್ದೆ. ಕೆಂಪು ಎಲ್ಲೀವರೆಗೆ ಏರಿದೆ ಸೆಲ್ವೀ, ಅಂತ. ಮೊಣಕಾಲು ಅಂದಿದ್ರೆ ಆಟೊ ಹತ್ತು ಅಂತಿದ್ದೆ." ನೋಟ್‌ಬುಕ್ಕನ್ನು ಪಕ್ಕಕ್ಕೆ ಸರಿಸಿದರು. "ಇನ್ನೊಂದು. ನಾಲ್ಕು ತಿಂಗಳು ಏಮಾರದೆ ಇದ್ದವಳು ಅವತ್ತು ಏಮಾರಿದ್ಲು ಅಂದ್ಯಲ್ಲ. ತಲೆ ಮಂಕಾಗಿತ್ತು ಅವಳಿಗೆ. ಅದೇ ಗುರುತು ಮಾ. ನಾನಾಗಿದ್ರೆ ಹೆದರ್ತಿದ್ದೆ. ನೀನು ಖುಷಿ ಪಟ್ಟೆ."

ಆ ‘ಮಾ’ ಅವರ ಅಭ್ಯಾಸ, ಪ್ರೀತಿಯಲ್ಲ, ಗೊತ್ತು. ಆದರೂ ಅದು ಆ ಮಾತಿನ ಕೊನೆಯಲ್ಲಿ ಇದ್ದದ್ದು ನನಗೆ ತಡೆಯಲಾಗಲಿಲ್ಲ.

"ಮೀನಾಗೆ ಹೇಳ್ಬೇಕು," ಎಂದರು. "ನಾನು ಹೇಳಲ್ಲ. ನೀನು ಹೋಗು, ನಿನ್ನ ಬಾಯಲ್ಲಿ ಹೇಳು."

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಸೀರೆ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಮೀನಾ ಒಬ್ಬಳೇ ಟಿಫಿನ್ ಡಬ್ಬ ಬಿಚ್ಚಿ ಕೂತಿದ್ದಳು. ಮಳೆ ನಿಂತಿತ್ತು, ಸೂರಿನಿಂದ ಹನಿಯುತ್ತಿತ್ತು. ಹೇಳಿದೆ. ಅವಳು ಡಬ್ಬದ ಮುಚ್ಚಳವನ್ನು ಮತ್ತೆ ಹಾಕಿದಳು.

"ಏನ್ ಪಂದ್ಯ ಅಂದೆ? ಸೋತ್ರೆ ಅಮ್ಮ ಏನ್ ಕೊಡ್ಬೇಕಿತ್ತು?"

"ಮೀನುಸಾರು."

ಅವಳು ಎದುರಿನ ಗೋಡೆಯನ್ನೇ ನೋಡಿದಳು.

"ಆ ಮಂಗಳವಾರ ಸಾಯಂಕಾಲ ನಾನು ಡ್ಯೂಟಿ ಮುಗಿಸಿ ಬಂದಾಗ, ನಾಳೆ ಮೀನು ತಂದಿಡು ಅಂದ್ಲು. ಬಾಯಿಗೆ ಗಂಜಿ ಹೋಗ್ತಿಲ್ಲ, ನಿಂಗ್ಯಾಕೆ ಮೀನು ಅಂದೆ. ನಂಗಲ್ಲ, ಒಬ್ಬನಿಗೆ ಸೋತಿದೀನಿ ಅಂದ್ಲು. ಜ್ವರದಲ್ಲಿ ಏನೇನೋ ಅಂತಾಳೆ ಅನ್ಕೊಂಡೆ."

ಅಂದರೆ ಅವಳಿಗೆ ಗೊತ್ತಾಗಿತ್ತು. ಫೋನಿನಲ್ಲಿ ಮಾತಾಡುವಾಗ ಅಲ್ಲದಿದ್ದರೆ ಆಮೇಲೆ, ಮಧ್ಯಾಹ್ನವೆಲ್ಲ ಮಲಗಿ ಆ ದನಿಯನ್ನು ಮತ್ತೆ ಮತ್ತೆ ನೆನೆಸಿಕೊಂಡಾಗ. ಮೇಡಂ ಕೇಳಿಬಿಟ್ಟು ನಿಂತುಕೊಳ್ಳುತ್ತಾರೆ. ಈ ಮೇಡಂ ಏನನ್ನೂ ಕೇಳಲೇ ಇಲ್ಲವಲ್ಲ ಎಂದು.

"ಗೊತ್ತಾಗಿದ್ರೆ ಮತ್ತೆ ಯಾಕೆ ಫೋನ್ ಮಾಡ್ಲಿಲ್ಲ ಮೇಡಂಗೆ?" ಎಂದೆ. ಕೇಳಿದ್ದು ನಾನೇ, ನಾಚಿಕೆಯಿಲ್ಲದೆ.

ಮೀನಾ ಎದ್ದು ನಿಂತು ಸೆರಗು ಕೊಡವಿಕೊಂಡಳು. "ಮಾಡಿದ್ರೆ ನಿನ್ನ ಹೆಸ್ರು ಹೇಳ್ಬೇಕಾಗ್ತಿತ್ತಲ್ಲ. ಡಾಕ್ಟರ ಫೋನ್ ಮುಟ್ಟಿದ್ದಕ್ಕೆ ನಿನ್ನ ಕೆಲಸ ಹೋಗ್ತಿತ್ತು. ಎರಡು ದಿನ ತಾನೆ, ಮಲಗಿದ್ರಾಯ್ತು ಅನ್ಕೊಂಡಿರ್ತಾಳೆ. ನಮ್ಮಮ್ಮ ಅಂಥವಳೇ."

ಒಳಗೆ ಹೋದಳು. ಮತ್ತೆ ತಿರುಗಿ ಬಾಗಿಲಲ್ಲಿ ನಿಂತು, "ಮೀನು ತಂದಿದ್ದೆ," ಎಂದಳು. ಅಷ್ಟೇ ಹೇಳಿದ್ದು.

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ಇದೆಯೆಂದೂ ಅನ್ನಿಸಿಲ್ಲ. ಬಿದ್ದ ಕಿವಿಯ ಕಥೆಯನ್ನು ನಾನು ಸೆಲ್ವಕ್ಕನಿಗೆ ತಮಾಷೆಯಾಗಿ ಹೇಳಿದ್ದೆ. ಡಾಕ್ಟರಿಗೆ ಹೋಗಬೇಕಿದ್ದ ಕೂಗನ್ನು ದಾರಿಯಲ್ಲೇ ಹಿಡಿದಿಟ್ಟುಕೊಂಡ ಕಿವಿ ನಾನು. ಆದರೆ ಅವಳೂ ಕೇಳಿಸಿಕೊಂಡಿದ್ದಳು, ಅವಳೂ ಯಾರಿಗೂ ಹೇಳಲಿಲ್ಲ. ಒಳ್ಳೇ ಕಿವಿ ಎಂದಿದ್ದಳಲ್ಲ.

ನಫೀಸಾ ಮೇಡಂ ಆ ನೋಟ್‌ಬುಕ್ಕನ್ನು ಆಮೇಲೂ ಬಿಡಲಿಲ್ಲ. ನನ್ನ ವಿಷಯವನ್ನು ಪಾಟೀಲ ಸರ್‌ಗೆ ನಾನೇ ಹೇಳಿದೆ; ಒಂದು ತಿಂಗಳು ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ, ಬಳ್ಳಿ ತರಲು ಬೇರೆಯವರನ್ನು ಕಳಿಸಿದರು. ಮಿಮಿಕ್ರಿ ಬಿಟ್ಟೆ ಎಂದರೆ ಸುಳ್ಳು. ಮೆಟ್ರೊದ ಹೆಂಗಸು ಈಗಲೂ ಬರುತ್ತಾಳೆ, ನಮ್ಮಪ್ಪನ ಕೆಮ್ಮೂ ಬರುತ್ತದೆ. ನಫೀಸಾ ಮೇಡಂ ದನಿಯೊಂದನ್ನು ಮಾತ್ರ ತೆಗೆಯುವುದಿಲ್ಲ. ಇನ್ನೊಂದು ದನಿ ತೆಗೆಯಲು ನನಗೆ ಬರುವುದಿಲ್ಲ. ‘ಏ ತಂಬಿ, ಸಾಕು’ ಎಂಬುದನ್ನು ನೂರು ಸಲ ಕೇಳಿದ್ದ ನಾನು ಅದನ್ನು ಒಂದು ಸಲವೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಟ್ಯೂಬಿನ ಮೇಲೆ ಮತ್ತೆ ಹಿಮ ಕೂರತೊಡಗಿತ್ತು. ಒಳಗೆ ಒಂದು ಮಿಲಿಲೀಟರಿನಷ್ಟು ‘ಸುಮ್ನಿರು’. ಆ ಮಗು ಈಗ ಮೂರು ವರ್ಷದ್ದಾಗಿ ಶಿವಾಜಿನಗರದ ಯಾವುದೋ ಮೆಟ್ಟಿಲ ಮೇಲೆ ಗಲಾಟೆ ಮಾಡುತ್ತಿರಬಹುದು. ಅದರ ಕೋಶಗಳನ್ನು ಬೆಚ್ಚಗೆ ಮಾಡಿದರೆ ಇವತ್ತೂ ಅಂಟಿಕೊಂಡು ಕೂರುತ್ತವೆ, ಮೈತುಂಬ ಕಿವಿಗಳೊಂದಿಗೆ.

"ಏನ್ ಮಾಡಾಕತ್ತಿಯೋ ಅಲ್ಲಿ?" ಪಕ್ಕದ ಕೋಣೆಯಿಂದ ಪಾಟೀಲ ಸರ್ ಕೂಗಿದರು. "ಕರಗಿ ನೀರಾದೀತು! ಇಡೂದೋ ಚೆಲ್ಲೂದೋ?"

"ಇಡೋದು ಸರ್."

ಟ್ಯೂಬನ್ನು ಹೊಸ ಕ್ಯಾನಿಗೆ ಇಳಿಸಿ ಮುಚ್ಚಳ ಹಾಕಿದೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅವರ ಎರಡೂ ಕೈಯಲ್ಲಿ ಪೆಟ್ಟಿಗೆ. "ತಗೋಳೋ," ಎಂದರು. ಈ ಮೂರು ವರ್ಷದಲ್ಲಿ ನಾನು ಇನ್ನೊಬ್ಬರ ಫೋನು ಮುಟ್ಟಿರಲಿಲ್ಲ.

"ಹಲೋ, ಪಾಟೀಲ ಸರ್ ಅಲ್ಲ, ಚೇತನ್ ಮಾತಾಡ್ತಿರೋದು," ಎಂದೆ. ನನ್ನದೇ ದನಿ, ಅಷ್ಟೇನೂ ಚೆನ್ನಾಗಿಲ್ಲದ್ದು. "ಹೇಳಿ, ಏನಾಗ್ಬೇಕಿತ್ತು?"

ಕೇಳಿ, ಉತ್ತರ ಬರುವ ತನಕ ನಿಂತೆ.